ಬದುಕಿದ್ದವನಿಗೆ ಇಟ್ಟ ಎಡೆ

ಊರಿನಿಂದ

ಸ್ಕಾಟ್ಲೆಂಡಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇರುವುದಿಲ್ಲ. ಉಂಡು ತಟ್ಟೆ ತೊಳೆದಿಟ್ಟರೂ ಬೆಳಕು, ಹಾಸಿಗೆ ಹಾಸಿದರೂ ಬೆಳಕು. ಅಲ್ಲಿದ್ದ ನಾಲ್ಕು ದಿನ ನಾನು ನಿದ್ದೆಯಲ್ಲಿದ್ದೆನೋ ಎಚ್ಚರವಿದ್ದೆನೋ ಸರಿಯಾಗಿ ಹೇಳಲಾರೆ. ಆದರೆ ನಾನು ಹೋಗಿದ್ದು ಊರು ನೋಡುವುದಕ್ಕಲ್ಲ. ಒಬ್ಬ ಮನುಷ್ಯನಿಗೆ ಹೊಟ್ಟೆ ತುಂಬ ಬಡಿಸಿ ಬರುವುದಕ್ಕೆ.

ನನ್ನ ತಮ್ಮ ಮುನಿರಾಜ ವಾಯುಪಡೆಯಲ್ಲಿದ್ದವನು. ದೇವನಹಳ್ಳಿ ಹತ್ತಿರದ ಚನ್ನರಾಯಪಟ್ಟಣದ ಕಡೆಯ ರಾಗಿ ಹೊಲದಿಂದ ಎದ್ದುಹೋಗಿ ಯುದ್ಧವಿಮಾನ ಹಾರಿಸಿದ. ಮನೆಯಲ್ಲಿ ಓದಿಸಿದ್ದು ಅವನೊಬ್ಬನನ್ನೇ. ನಾನು ಮೂರನೇ ಕ್ಲಾಸಿಗೆ ಬಿಟ್ಟು ರೇಷ್ಮೆ ಹುಳುವಿಗೆ ಸೊಪ್ಪು ಹಾಕಿದೆ. ಅದರ ದೂರು ನನಗಿಲ್ಲ, ಆ ಹುಳುವಿನಿಂದಲೇ ಅವನ ಕಾಲೇಜು ನಡೆದದ್ದು. ಎಪ್ಪತ್ತೊಂದರ ಯುದ್ಧದಲ್ಲಿ ಅವನು ಪಾಕಿಸ್ತಾನದ ಒಂದು ವಿಮಾನ ಹೊಡೆದು ಕೆಡವಿದ. ಅದಕ್ಕೆ ಪದಕ ಬಂತು. ಆಮೇಲೆ ಒಂದು ಸ್ಕ್ವಾಡ್ರನ್ ಅವನ ಕೈಗೆ ಬಂತು, ಇನ್ನೂ ಆಮೇಲೆ ಒಂದು ಇಡೀ ವಿಮಾನ ನೆಲೆ. ಏರ್ ಕಮೋಡೋರ್ ಆಗಿ ನಿವೃತ್ತಿಯಾಗಿ ಈಗ ಊರಿನಲ್ಲಿ ನನ್ನ ಪಕ್ಕದ ಮನೆಯಲ್ಲೇ ಇದ್ದಾನೆ. ಅವನಿಗೆ ಎಂಬತ್ತು, ನನಗೆ ಎಂಬತ್ತೆರಡು. ಊರವರಿಗೆ ಅವನು ಸಾಹೇಬರು. ನನಗೆ ಮುನಿರಾಜ.

ಪದಕ ತಂದ ವರ್ಷ ಅವನು ಅದನ್ನು ಬಿಚ್ಚಿ ತೋರಿಸಿದರೆ ನಮ್ಮವ್ವ ಮುಟ್ಟಲಿಲ್ಲ.

"ಆ ಇಮಾನ್ದಾಗೆ ಎಷ್ಟು ಜನ ಇದ್ರಪ್ಪಾ?" ಎಂದಳು.

"ಒಬ್ನೇ ಕಣವ್ವ."

"ಅವನ್ಗೆ ಮದ್ವೆ ಆಗಿತ್ತಾ?"

"ನಂಗೇನವ್ವ ಗೊತ್ತು?"

ಆ ವರ್ಷ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಸತ್ತವರಿಗೆಲ್ಲ ಎಲೆ ಹಾಕಿ ಎಡೆ ಬಡಿಸುವಾಗ, ತಾತಮುತ್ತಾತಂದಿರ ಸಾಲಿನ ಕೊನೆಗೆ ಅವ್ವ ಇನ್ನೊಂದು ಎಲೆ ಹಾಕಿದಳು. "ನಮ್ ಹುಡ್ಗನ್ ಕೈಲಿ ಹೋದೋನು. ಅವನ್ಗೆ ಅಲ್ಲಿ ಯಾರ್ ಇಕ್ತಾರೆ?" ಎಂದಳು. ಆ ಎಲೆಗೆ ಮಾತ್ರ ಬಾಡು ದೇವನಹಳ್ಳಿಯ ಸಾಬರ ಅಂಗಡಿಯಿಂದಲೇ ಬರಬೇಕು, ಸತ್ತವನ ಜಾತಿ ಕೆಡಿಸಬಾರದು ಎಂದು ಅವಳ ಕಟ್ಟಪ್ಪಣೆ.

ನಾನು ಗಂಡ ಹೋದ ಮೇಲೆ ತವರಿಗೆ ಬಂದವಳು. ಅವ್ವನೂ ಹೋದಳು. ಎಲೆ ಹಾಕುವುದು ನನ್ನ ಪಾಲಿಗೆ ಬಂತು. ಹಿರಿಯರ ಎಡೆಯನ್ನು ಆಮೇಲೆ ಮನೆಯವರೇ ಹಂಚಿಕೊಂಡು ಉಣ್ಣುತ್ತೇವೆ. ಆ ಕೊನೆಯ ಎಲೆಯದನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ, ಅವನು ನಮ್ಮವನಲ್ಲವಲ್ಲ. ಮಾಳಿಗೆಯ ಮೇಲೆ ಕಾಗೆಗೆ ಇಟ್ಟುಬಿಡುತ್ತಿದ್ದೆ.

ಹೋದ ಚಳಿಗಾಲದಲ್ಲಿ ಮುನಿರಾಜ ಫೋನು ಹಿಡಿದುಕೊಂಡು ನನ್ನ ಜಗುಲಿಗೆ ಬಂದ. ಮುಖ ಸುಣ್ಣವಾಗಿತ್ತು. ನಸೀಮ್ ಎಂಬ ಹೆಣ್ಣುಮಗಳು ಸ್ಕಾಟ್ಲೆಂಡಿನಿಂದ ಬರೆದಿದ್ದಳು. ನೀವು ಹೊಡೆದ ವಿಮಾನದಲ್ಲಿದ್ದವರು ನಮ್ಮ ತಂದೆ, ಯೂಸುಫ್. ಬದುಕಿದ್ದಾರೆ. ನಿಮ್ಮನ್ನು ನೋಡಬೇಕಂತೆ.

"ಬದುಕಿದ್ದಾನೆ ಕಣಕ್ಕ," ಎಂದು ಮುನಿರಾಜ ಮೂರು ಸಲ ಹೇಳಿದ.

ನನಗೆ ಹೊಳೆದದ್ದು ಬೇರೆಯೇ. "ಅಯ್ಯೋ ಮುಂಡೇದೇ, ಬದುಕಿರೋನ್ಗೆ ಐವತ್ತೊರ್ಷದಿಂದ ಎಡೆ ಇಕ್ಕಿದ್ದೀವಲ್ಲೋ!"

ಗುಡಿಯ ಪೂಜಾರಪ್ಪನನ್ನು ಕೇಳಿದೆ. ಅವನು ಎಲೆಅಡಿಕೆ ಉಗಿದು ಬಂದು ಹೇಳಿದ: "ಉಸಿರಾಡೋನ್ಗೆ ಎಡೆ ಇಕ್ಕಿದ್ರೆ ಅವನ್ ತುತ್ತು ಕಿತ್ಕೊಂಡಂಗೆ ಪಿಳ್ಳಮ್ಮಾ. ಹೋಗಿ ನಿನ್ ಕೈಯಾರೆ ಬಡಿಸು. ಎಲೆಗೆ ಕೈ ಅಡ್ಡ ಹಿಡ್ದು ಸಾಕು ಅನ್ಬೇಕು ಅವ್ನು. ಬ್ಯಾರೆ ದಾರಿ ಇಲ್ಲ."

ಹೀಗೆ ನಾನೂ ಹೊರಟೆ. ಮುನಿರಾಜನದು ಒಂದೇ ಷರತ್ತು: "ಎಡೆ ವಿಷ್ಯ ಅವ್ರ ಹತ್ರ ಎತ್ತಕೂಡ್ದು. ಮಾನ ಹೋಗುತ್ತೆ." ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಮೋಡದ ಮೇಲೆ

ನಮ್ಮ ಊರಿನವರಿಗೆ ವಿಮಾನದ ಹೊಟ್ಟೆ ಚೆನ್ನಾಗಿ ಗೊತ್ತು. ವಿಮಾನ ನಿಲ್ದಾಣ ಪಕ್ಕದಲ್ಲೇ, ದಿನವೂ ತಲೆಯ ಮೇಲೇ ಹೋಗುತ್ತವೆ. ಸರ್ಕಾರ ಹೊಲ ಕೇಳಿದಾಗ ಭೂಮಿ ಬಿಡುವುದಿಲ್ಲವೆಂದು ನಾವು ಧರಣಿ ಕೂತಾಗ ಒಂದೊಂದು ಭಾಷಣವನ್ನೂ ನಡುವೆ ನಿಲ್ಲಿಸಿ ಅವು ದಾಟುವ ತನಕ ಕಾಯಬೇಕಾಗುತ್ತಿತ್ತು. ಒಳಗೆ ಕೂತದ್ದು ಇದೇ ಮೊದಲು. ಕಿಟಕಿಯಿಂದ ಊರು ಹುಡುಕಿದೆ. ಒಂದು ಕೆರೆ ಕಂಡಿತು, ನಮ್ಮದೋ ಬೇರೆಯವರದೋ. ಆಮೇಲೆ ಬಿಳಿಯೋ ಬಿಳಿ. ರೇಷ್ಮೆ ಗೂಡು ಬಿಡಿಸುವಾಗ ಮೇಲಿನ ಜಾಳು ಕೈಗೆ ಅಂಟಿಕೊಳ್ಳುತ್ತದಲ್ಲ, ಅಂಥದ್ದು, ಕಣ್ಣು ಹೋದಷ್ಟು ದೂರ.

"ನೀನೂ ಹಿಂಗೇ ಕಾಲ್ ಚಾಚ್ಕೊಂಡು ಕೂತಿರ್ತಿದ್ದೇನ್ಲಾ?" ಎಂದು ಕೇಳಿದೆ.

"ಎಲ್ಲಿ ಬಂತಕ್ಕ. ಅದ್ರಾಗೆ ಮಗ್ಗುಲು ತಿರುಗಕ್ಕೂ ಜಾಗ ಇರ್ಲಿಲ್ಲ. ಅಂಗಿ ತೊಟ್ಕೊಂಡಂಗೆ ತೊಟ್ಕೋಬೇಕು ಅದ್ನ."

ಐವತ್ತು ವರ್ಷದಲ್ಲಿ ಹೇಳದ್ದನ್ನು ಅವನು ಆ ಬಿಳಿಯ ಮೇಲೆ ಹೇಳಿದ. ಯಾರಿಗೋ ಹೇಳುವವನ ಹಾಗೆ ಕಿಟಕಿ ನೋಡಿಕೊಂಡು. ಬೆಳಗಿನ ಮಂಜು. ಕೆಳಗೆ ಒಂದೇ ಒಂದು ವಿಮಾನ ತನ್ನ ಊರ ಕಡೆ ಹೋಗುತ್ತಿತ್ತು. ಇವನು ಹಿಂದಿನಿಂದ ಇಳಿದು ಹೊಡೆದ. ಬಾಲ ಹಾರಿತು. ಅದು ಮಂಜಿನೊಳಗೆ ಹೋಯಿತು, ಕೆಳಗಿನಿಂದ ಕಂದು ಹೊಗೆ ಎದ್ದಿತು. ಪ್ಯಾರಾಚೂಟ್ ಬಿಚ್ಚಿಕೊಂಡಿದೆಯೇ ಎಂದು ಎರಡು ಸುತ್ತು ಹಾಕಿ ನೋಡಿದ. ಇರಲಿಲ್ಲ. ಎಣ್ಣೆ ಮುಗಿಯುತ್ತ ಬಂದಿತ್ತು, ವಾಪಸ್ಸು ಬಂದ.

"ಆವತ್ತು ನನ್ನ ಹೆಗಲ್ ಮೇಲೆ ಹೊತ್ಕೊಂಡು ಕುಣಿದ್ರು ಅಕ್ಕ. ನಾನೂ ಕುಣ್ದೆ."

ಆಮೇಲೆ ಯಜಮಾನಿಕೆ ಬಂದಾಗ, ಕೈಕೆಳಗಿನ ಹುಡುಗರು ಹಾರಿಬಂದು ಏನೇ ವರದಿ ಕೊಟ್ಟರೂ ಇವನದು ಒಂದೇ ಪ್ರಶ್ನೆಯಂತೆ: ಹೊಡೆದ ಮೇಲೆ ತಿರುಗಿ ನೋಡಬೇಕು, ಛತ್ರಿ ಬಿಚ್ಚಿತೇ ಇಲ್ಲವೇ ಬರೆಯಬೇಕು. ಯುದ್ಧವಿಲ್ಲದ ಕಾಲದಲ್ಲಿ, ಬರೀ ಅಭ್ಯಾಸದ ಹಾರಾಟದಲ್ಲೂ ಇದೇ ಪಾಠ. ಬೆನ್ನ ಹಿಂದೆ ಅವನನ್ನು ಛತ್ರಿ ಸಾಹೇಬ ಎನ್ನುತ್ತಿದ್ದರಂತೆ. ಗೊತ್ತಿತ್ತು ನನಗೆ, ಎಂದು ನಕ್ಕ.

ನಾನು ತೂಕಡಿಸಿದೆ. ಕನಸಿನಲ್ಲಿ ಅವನು ಬಂದ, ಆ ಕೊನೆಯ ಎಲೆಯವನು. ಇಷ್ಟು ವರ್ಷ ಬಡಿಸುವಾಗ ಅವನಿಗೆ ನಾನೇ ಒಂದು ಮುಖ ಮಾಡಿಕೊಟ್ಟಿದ್ದೆ: ಎತ್ತರದ ಆಳು, ದಪ್ಪ ಮೀಸೆ, ಮಂಜಿನಲ್ಲಿ ತೊಯ್ದ ಅಂಗಿ. ಮೋಡದ ಮೇಲೆ ಎಲೆ ಹಾಕಿಕೊಂಡು ಕೂತಿದ್ದ. ಎಲೆ ಖಾಲಿ ಇತ್ತು. ನಾನು ಸೌಟು ಹಿಡಿದು ನಡೆದಷ್ಟೂ ಅವನು ದೂರ.

ಎಚ್ಚರವಾದಾಗ ವಿಮಾನ ಇಳಿಯುತ್ತಿತ್ತು. ಮುನಿರಾಜ ಕಣ್ಣು ಮುಚ್ಚಿದ್ದ. ಅವನ ಬಲಗೈ ಮಾತ್ರ ಎರಡು ಮಂಡಿಗಳ ನಡುವೆ ಗಾಳಿಯಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿತ್ತು.

ಇಳಿದ ಜಾಗ

ಅಲ್ಲಿ ನನ್ನ ಪೆಟ್ಟಿಗೆ ಬಿಚ್ಚಿಸಿದರು. ತುಪ್ಪದ ಬಾಟಲಿ ಬುಟ್ಟಿಗೆ ಹೋಯಿತು, ಹಾಲಿನದು ಏನೂ ತರುವ ಹಾಗಿಲ್ಲವಂತೆ. ರಾಗಿಹಿಟ್ಟಿನ ಚೀಲವನ್ನು ಇಬ್ಬರು ಮೂಸಿ ನೋಡಿದರು. ಕೊನೆಗೆ ಹುಡುಗಿಯೊಬ್ಬಳು ನನ್ನ ಮುದ್ದೆ ಕೋಲನ್ನು ಎರಡು ಬೆರಳಲ್ಲಿ ಎತ್ತಿಹಿಡಿದು ಇದೇನು ಎಂದಳು. ಬಡಿಗೆ ಎಂದುಕೊಂಡಿರಬೇಕು. ಮುನಿರಾಜ ಇಂಗ್ಲಿಷಿನಲ್ಲಿ ಏನೇನೋ ಹೇಳಿದ, ಅವಳಿಗೆ ತಿಳಿಯಲಿಲ್ಲ. ಆಗ ಅವನು ಕೋಲು ಇಸಿದುಕೊಂಡು, ಕಾಲು ಅಗಲಿಸಿ ನಿಂತು, ಇಲ್ಲದ ಪಾತ್ರೆಯನ್ನು ಪಾದದಲ್ಲಿ ಒತ್ತಿ ಹಿಡಿದು, ಗಾಳಿಯಲ್ಲಿ ಮುದ್ದೆ ತಿರುವಿದ. ಸಾಲಿನಲ್ಲಿ ನಿಂತವರೆಲ್ಲ ನೋಡಿದರು. ಹುಡುಗಿ ಕೋಲು ಬಿಟ್ಟಳು.

"ಪರ್ವಾಗಿಲ್ಲ ಕಣೋ, ಗಂಟಿಲ್ದಂಗೆ ತಿರುವಿದೆ," ಎಂದೆ.

ಸಮುದ್ರದ ಊರು

ನಸೀಮಳ ಮನೆ ಕಡಲ ದಂಡೆಯ ಒಂದು ಸಣ್ಣ ಊರಿನಲ್ಲಿ. ಕಡಲು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ಕಾಣುವುದಿಲ್ಲ, ಎಲ್ಲ ಒಂದೇ ಬೂದಿ ಬಣ್ಣ. ಜನ ತುಂಬ ಮೆಲ್ಲಗೆ ಮಾತಾಡುತ್ತಾರೆ. ನಾನೇ ಹೋಗಿ ಡಿಕ್ಕಿ ಹೊಡೆದರೂ ಅವರೇ ಕ್ಷಮೆ ಕೇಳುತ್ತಾರೆ. ನಾಯಿಗಳಿಗೆ ಅಂಗಿ ಇದೆ. ಯಾರ ಮನೆಯವರು, ಎಲ್ಲಿಂದ ಬಂದಿರಿ, ಎಷ್ಟು ಮಕ್ಕಳು ಎಂದು ಒಬ್ಬರೂ ಕೇಳಲಿಲ್ಲ. ಕೇಳಲಿ ಎಂದು ಎರಡು ಸಲ ಗೇಟಿನ ಹತ್ತಿರ ನಿಂತುಕೊಂಡೂ ನೋಡಿದೆ.

ಯೂಸುಫ್ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ನನ್ನ ಕನಸಿನ ಮೀಸೆಯವನಲ್ಲ. ಕುಳ್ಳಗೆ, ಬೋಳುತಲೆ, ಕಿವಿಯಲ್ಲಿ ಯಂತ್ರ, ಕೈಯಲ್ಲಿ ಊರುಗೋಲು. ಮಣಿಕಟ್ಟು ನೋಡಿದರೆ ಒಣಗಿದ ಹಿಪ್ಪುನೇರಳೆ ಕಡ್ಡಿ. ಇಬ್ಬರು ಗಂಡಸರಿಗೂ ಸೆಲ್ಯೂಟ್ ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಕಡೆಗೆ ಯೂಸುಫ್ ಸಾಹೇಬರು ಉರ್ದುವಿನಲ್ಲಿ, "ತುಂಬ ಹೊತ್ತು ಮಾಡಿದ್ರಿ ಬರೋದಕ್ಕೆ," ಎಂದರು.

ಉರ್ದು ನನಗೆ ಬರುತ್ತದೆ. ನಮ್ಮೂರ ಪಕ್ಕದ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಸಾಬರ ಜೊತೆ ನಲವತ್ತು ವರ್ಷ ಜಗಳವಾಡಿ ಕಲಿತದ್ದು. ಯೂಸುಫ್ ಸಾಹೇಬರಿಗೆ ನನ್ನ ಉರ್ದು ಕೇಳಿ ಮೊದಲು ನಗು ಬಂತು, ಆಮೇಲೆ ಅಭ್ಯಾಸವಾಯಿತು.

ಚಹಾ ಬಂತು. ಒಂದು ಗಳಿಗೆಯಲ್ಲಿ ಇಬ್ಬರ ಕೈಗಳೂ ಮೇಲೆದ್ದವು. ವಿಮಾನದವರು ಕೈಯಲ್ಲೇ ಮಾತಾಡುವುದು. ಇವನ ಅಂಗೈ ಬಟ್ಟಲುಗಳ ಮೇಲೆ ಹಾರಿತು, ಅವರ ಅಂಗೈ ಮುಂದೆ ಓಡಿತು, ಇದು ಹಿಂದೆ ಬಿತ್ತು. ಎರಡು ಮುದಿ ಕೈಗಳು, ಕಿಟಕಿಯ ಬೂದಿ ಬೆಳಕಿನಲ್ಲಿ, ಸಕ್ಕರೆ ಡಬ್ಬಿಯ ಸುತ್ತ ಅಟ್ಟಾಡಿದವು. ಶಬ್ದವೇ ಇಲ್ಲ. ಅವರ ಕೈ ನಿಧಾನಕ್ಕೆ ಇಳಿದು ಮೇಜಿನ ಮೇಲೆ ಹೊಟ್ಟೆಯಡಿಯಾಗಿ ಜಾರಿ ನಿಂತಿತು.

"ಮೇಲಿನ ಗಾಜು ಸಿಕ್ಕಿಕೊಂಡಿತ್ತು. ಹಾರಿಕೊಳ್ಳೋಕೆ ಆಗಲಿಲ್ಲ," ಎಂದರು. "ಕಬ್ಬು ಕಡಿದ ಹೊಲ ಸಿಕ್ತು. ಇಳಿಸಿಬಿಟ್ಟೆ."

"ಹೊಗೆ ನೋಡಿದೆ ನಾನು," ಎಂದ ಮುನಿರಾಜ.

"ಹೊಗೆಯಲ್ಲ, ಧೂಳು."

ಮುನಿರಾಜನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಇಳಿಸಲು ಮರೆತಿದ್ದ.

ಯೂಸುಫ್ ಸಾಹೇಬರ ಕಾಲು ಮತ್ತು ಸೊಂಟ ಮುರಿದಿತ್ತಂತೆ. ಮತ್ತೆ ಹಾರಲಿಲ್ಲ. ಇಲ್ಲಿಗೆ ಬಂದು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಬದುಕಿದರು. ಮೇಲೇರಿದ್ದು ಮುನಿರಾಜನೊಬ್ಬನೇ, ಅದೇ ಬೆಳಗಿನಿಂದ.

ಊಟದ ಹೊತ್ತಿಗೆ ಅವರು ಎರಡು ಚಮಚ ಓಟ್ಸ್ ಗಂಜಿ ಕುಡಿದು ಬಟ್ಟಲು ಸರಿಸಿದರು. ನಸೀಮ್ ನನ್ನನ್ನು ಅಡುಗೆಮನೆಗೆ ಕರೆದು ಚಿಕ್ಕಮ್ಮನಿಗೆ ಹೇಳುವ ಹಾಗೆ ಹೇಳಿದಳು: "ಅಮ್ಮ ಹೋದಮೇಲೆ ಹೀಗೇ ಖಾಲಾ. ಒಂದು ವರ್ಷ ಆಯ್ತು. ಡಾಕ್ಟರು ರೋಗ ಏನೂ ಇಲ್ಲ ಅಂತಾರೆ. ತುತ್ತೇ ಇಳಿಯೋದಿಲ್ಲ."

ತುತ್ತು ಕಿತ್ತುಕೊಂಡವರು ಯಾರೆಂದು ನನಗೆ ಗೊತ್ತಿತ್ತು.

ಬೆಂಚು

ಮಾರನೆಯ ದಿನ ಕಡಲ ದಂಡೆಯಲ್ಲಿ ನಡೆದೆವು. ಅಲ್ಲಿ ಉದ್ದಕ್ಕೂ ಮರದ ಬೆಂಚುಗಳು, ಎಲ್ಲ ಕಡಲಿಗೆ ಮುಖ ಮಾಡಿವೆ. ಒಂದೊಂದಕ್ಕೂ ಹಿತ್ತಾಳೆಯ ತಗಡು, ಅದರ ಮೇಲೆ ಹೆಸರು. ಯಾರವು ಎಂದೆ. ಸತ್ತವರದು ಎಂದರು ಯೂಸುಫ್ ಸಾಹೇಬರು. ಬದುಕಿದ್ದಾಗ ಅವರಿಗೆ ಈ ಜಾಗ ಇಷ್ಟವಂತೆ, ಅದಕ್ಕೆ ಮನೆಯವರು ಬೆಂಚು ಹಾಕಿಸುತ್ತಾರಂತೆ. ದಾರಿಹೋಕರು ಯಾರು ಬೇಕಾದರೂ ಕೂರಬಹುದು.

ನಮ್ಮಲ್ಲಿ ಸತ್ತವರಿಗೆ ಎಲೆ, ಇವರಲ್ಲಿ ಕೂರಲು ಜಾಗ. ಒಳ್ಳೆಯದೇ. ಹೊಟ್ಟೆಗೇನು ಮಾಡುತ್ತಾರೋ ಗೊತ್ತಿಲ್ಲ.

ಮೂವರೂ ಒಬ್ಬ ಸತ್ತ ಹೆಂಗಸಿನ ಬೆಂಚಿನ ಮೇಲೆ ಕೂತೆವು. ಮಂಜು ನೀರಿನ ಮೇಲೆ ಮಲಗಿತ್ತು. ದೂರದಲ್ಲಿ ಒಂದು ದೋಣಿ ಹೋಗುತ್ತಿತ್ತೋ ನಿಂತಿತ್ತೋ. ನನಗೆ ಮತ್ತೆ ಜೊಂಪು ಹತ್ತಿತು. ಆ ಜೊಂಪಿನಲ್ಲೇ ಹೇಳಿಬಿಟ್ಟೆ.

"ನಿಮ್ಗೂ ಒಂದು ಎಲೆ ಹಾಕಿದ್ದೀವಿ ಸಾಹೇಬ್ರೆ, ನಮ್ಮನೇಲಿ. ಸತ್ತೋರ ಸಾಲ್ನಾಗೆ. ಐವತ್ತೊರ್ಷ."

"ಅಕ್ಕಾ!" ಎಂದ ಮುನಿರಾಜ. ಎದ್ದು ನೀರಿನ ಕಡೆ ಹೋಗಿಬಿಟ್ಟ. ಬೆನ್ನು ತಿರುಗಿಸಿ ಅಲ್ಲೇ ನಿಂತ.

ಯೂಸುಫ್ ಸಾಹೇಬರು ಕಿವಿಯ ಯಂತ್ರ ಸರಿಮಾಡಿಕೊಂಡರು. ಎಲ್ಲವನ್ನೂ ಇನ್ನೊಂದು ಸಲ ಹೇಳಿಸಿದರು.

"ಏನೇನು ಇಡ್ತಿದ್ರಿ?"

"ಮುದ್ದೆ, ಬಾಡಿನ ಸಾರು, ಕಜ್ಜಾಯ, ವಡೆ. ಇಮಾನದೋನಲ್ವಾ ಅಂತ ಒಂದು ಸಿಗರೇಟು."

"ನಾನು ಸೇದೋದಿಲ್ಲ. ಮಾಂಸ ಹಲಾಲ್?"

"ದೇವ್ನಳ್ಳಿ ಸಾಬ್ರ ಅಂಗ್ಡೀದು. ನಮ್ಮವ್ವ ಬ್ಯಾರೆ ಕಡೆ ತರಕ್ಕೇ ಬುಡ್ತಿರ್ಲಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಯಾರು ತಿನ್ನುತ್ತಿದ್ರು ಅದನ್ನ?"

"ನಮ್ಮೋರದಾದ್ರೆ ಮನೆಯೋರು ಉಣ್ತೀವಿ. ನಿಮ್ದು ಕಾಗೆಗೆ ಹಾಕ್ತಿದ್ದೆ."

"ಪುಣ್ಯ ಮಾಡಿತ್ತು ಕಾಗೆ," ಎಂದು ನಗಲು ಹೋಗಿ ಕೆಮ್ಮಿದರು.

ಪೂಜಾರಪ್ಪ ಹೇಳಿದ್ದನ್ನೂ ಹೇಳಿದೆ. ನಾಳೆ ನಾನು ಅಡುಗೆ ಮಾಡುತ್ತೇನೆ, ನೀವು ಹೊಟ್ಟೆ ತುಂಬ ಉಂಡು ಕೈ ಅಡ್ಡ ಹಿಡಿದು ಸಾಕು ಎನ್ನಬೇಕು ಎಂದೆ. ಅವರು ತಲೆಯಾಡಿಸಿದರು.

"ನನಗೆ ಹಸಿವೇ ಇಲ್ಲ ಬೆಹೆನ್. ಹಸಿವಿಲ್ಲದವನ ಬಾಯಿಂದ ಸಾಕು ಅನ್ನಿಸೋದೇನು ಕಷ್ಟ? ಈಗಲೇ ಹೇಳ್ತೀನಿ ತಗೊಳ್ಳಿ. ಸಾಕು."

"ಅದು ನಡಿಯಲ್ಲ. ಉಂಡೋರು ಅಂದ್ರೆ ಮಾತ್ರ ಲೆಕ್ಕ."

"ಹಾಗಾದ್ರೆ ನಿಮ್ಮ ತಪ್ಪು ಹಾಗೇ ಇರಲಿ," ಎಂದರು. ಕೋಪವಿರಲಿಲ್ಲ ಅವರ ಮಾತಿನಲ್ಲಿ. ದಣಿವಿತ್ತು. ಊರುಗೋಲು ಊರಿ ಎದ್ದು ಮನೆಯ ಕಡೆ ನಡೆದರು. ಮಂಜು ಅವರನ್ನು ಸ್ವಲ್ಪ ಸ್ವಲ್ಪವಾಗಿ ಅಳಿಸಿತು.

ಅಡುಗೆಮನೆ

ಬೇಡ ಎಂದವರಿಗೂ ಅಡುಗೆ ಮಾಡಬಾರದೆಂದು ಎಲ್ಲೂ ಇಲ್ಲ. ಮೂರನೆಯ ದಿನ ನಸೀಮ್ ಪಕ್ಕದ ಊರಿನ ಹಲಾಲ್ ಅಂಗಡಿಯಿಂದ ಕುರಿಬಾಡು ತಂದಳು. ಅಲ್ಲಿನ ಕುರಿಗೆ ಕೊಬ್ಬು ಹೆಚ್ಚು, ವಾಸನೆ ಕಡಿಮೆ. ಮುನಿರಾಜ ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದ, ಹೊರಗಿನ ಕುರ್ಚಿಯಲ್ಲಿ ಪೇಪರು ಹಿಡಿದಿದ್ದ.

ಮೆಣಸಿನಕಾಯಿ ಹುರಿದೆ. ಹುರಿಯುತ್ತಲೇ ಸೂರಿನಲ್ಲಿದ್ದ ಒಂದು ಬಿಳಿ ಬಿಲ್ಲೆ ಹುಚ್ಚುಹಿಡಿದ ಹಾಗೆ ಕೂಗಿಕೊಂಡಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ. ನಸೀಮ್ ಕಿಟಕಿ ತೆಗೆದಳು, ನಿಲ್ಲಲಿಲ್ಲ. ಮುನಿರಾಜ ಓಡಿಬಂದು ಟವೆಲ್ ಎಳೆದುಕೊಂಡು ಕುರ್ಚಿ ಹತ್ತಿ ಬೀಸತೊಡಗಿದ.

"ಇಳಿಯೋ ಮುನಿರಾಜ, ಬಿದ್ದುಗಿದ್ದೀಯ!"

"ನೀನ್ ಸುಮ್ನಿರಕ್ಕ! ಊರೆಲ್ಲಾ ಎಬ್ಬಿಸ್ಬಿಟ್ಟೆ!"

ಮಾತು ಬಿಟ್ಟಿದ್ದು ಅವನಿಗೆ ಮರೆತಿತ್ತು. ಯಂತ್ರ ನಿಂತಾಗ ನೋಡಿದರೆ ಬಾಗಿಲಲ್ಲಿ ಯೂಸುಫ್ ಸಾಹೇಬರು. ಕೆಮ್ಮುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹುರಿದ ಮೆಣಸಿನಕಾಯಿಯ ಘಾಟು. "ಯಾರು ಯಾರನ್ನ ಹೊಡೀತಿದ್ದೀರಿ?" ಎಂದು ಕೇಳುತ್ತ ಒಳಗೆ ಬಂದು ಕೂತರು. ಎದ್ದು ಹೋಗಲಿಲ್ಲ.

ನಾನು ಏನೂ ಹೇಳದೆ ತಟ್ಟೆ ಇಟ್ಟೆ. ಬಾಳೆ ಎಲೆ ಅಲ್ಲಿಲ್ಲ. ಮುದ್ದೆ ಹಾಕಿ ಸಾರು ಬಿಟ್ಟೆ. ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಗಾಳಿಯಲ್ಲಿ ತೋರಿಸಿದೆ. ಅವರು ಅಗಿದೇಬಿಟ್ಟರು. ಕಟ್ಟಿಸಿದ ಹಲ್ಲಿಗೆ ಅಂಟಿಕೊಂಡಿತು. ಬಾಯಿಯೊಳಗೆ ಬೆರಳು ಹಾಕಿ ಬಿಡಿಸಿಕೊಂಡು, ಎರಡನೆಯದನ್ನು ನುಂಗಿದರು. ಮೂರು. ನಾಲ್ಕು. ನಸೀಮ್ ಒಲೆಯ ಹತ್ತಿರ ನಿಂತು ತುತ್ತು ಎಣಿಸುತ್ತಿದ್ದಳು. ಐದನೆಯದನ್ನು ಮುರಿದು ಕೈಯಲ್ಲೇ ಹಿಡಿದು ಕೂತರು. ಆಮೇಲೆ ಅದನ್ನು ತಟ್ಟೆಗೇ ಬಿಟ್ಟರು.

ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನಾನು ಕಾದೆ. ಅವರು ಕೈ ಅಡ್ಡ ಹಿಡಿಯಲಿಲ್ಲ.

"ಸಾಕು ಅಂದ್ರೆ ಏನಾಗುತ್ತೆ?" ಎಂದರು.

"ನನ್ ತಪ್ಪು ಕಳಿಯುತ್ತೆ. ಆ ಎಲೆ ತೆಗ್ದುಬಿಡ್ತೀನಿ."

"ತೆಗೆದುಬಿಟ್ರೆ, ನಾಳೆ ನಾನು ನಿಜವಾಗಿ ಹೋದಾಗ?"

ನಾನು ಸೌಟನ್ನು ಸಾರಿನ ಪಾತ್ರೆಗೆ ಇಳಿಬಿಟ್ಟೆ.

"ಇಟ್ರೂ ಕಾಗೆಗೆ ತಾನೆ," ಎಂದು ಅವರೇ ಹೇಳಿ ಕಿಟಕಿಯ ಕಡೆ ತಿರುಗಿದರು. ಹೊರಗೆ ಬೂದಿ ಬಣ್ಣದ ಬೆಳಕು, ಹೊತ್ತೆಷ್ಟು ಎಂದು ಹೇಳದ ಬೆಳಕು.

ಮುನಿರಾಜ ಇನ್ನೂ ಟವೆಲ್ ಹಿಡಿದು ನಿಂತಿದ್ದ. ಮೂವತ್ತು ವರ್ಷ ಮೆಸ್ಸಿನಲ್ಲಿ ಚಮಚ ಮುಳ್ಳುಚಮಚದಲ್ಲಿ ಉಂಡವನು. ಇನ್ನೊಬ್ಬರು ಕೈಯಿಟ್ಟ ತಟ್ಟೆ ಮುಟ್ಟುವವನಲ್ಲ, ಅವ್ವ ಬಿಟ್ಟದ್ದನ್ನೂ ತಿನ್ನದವನು. ಟವೆಲ್ ಕುರ್ಚಿಯ ಮೇಲೆ ಹಾಕಿದ. ಯೂಸುಫ್ ಸಾಹೇಬರ ಎದುರು ಕೂತು ಅವರ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಅವರು ಮುರಿದು ಬಿಟ್ಟಿದ್ದ ತುತ್ತನ್ನೇ ಎತ್ತಿ, ಸಾರಿನಲ್ಲಿ ಅದ್ದಿ, ನುಂಗಿದ. ಇನ್ನೊಂದು ತುತ್ತು ಮುರಿದ. ತಲೆ ಎತ್ತಲಿಲ್ಲ. ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡು, ಸಾರನ್ನು ಬೆರಳಲ್ಲಿ ಬಳಿದ.

ಯೂಸುಫ್ ಸಾಹೇಬರು ಅವನ ಕೈಯನ್ನೇ ನೋಡುತ್ತಿದ್ದರು. ತಟ್ಟೆ ಬರಿದಾದ ಮೇಲೆ ನನ್ನ ಕಡೆ ತಿರುಗಿದರು.

"ನೋಡಿ ಬೆಹೆನ್, ಇವರು ನನ್ನ ಪಾಲೆಲ್ಲ ತಿಂದುಬಿಟ್ರು," ಎಂದರು. "ನನಗೆ ಹಸಿವು. ಇನ್ನೊಂದು ಹಾಕಿ."

ಪಾತ್ರೆಯಲ್ಲಿ ಮುದ್ದೆ ಮುಗಿದಿತ್ತು. ನಾನು ನೀರು ಎಸರಿಗಿಟ್ಟೆ.